ನಮ್ಮತ್ತೆ ಎಲೋಪ್ ಆದ ಮಧ್ಯಾಹ್ನ

“ಮೇಡಂ, ನಿಮ್ಮ ಪೇಷೆಂಟ್ ಎಲೋಪ್ ಆಗಿದ್ದಾರೆ.”

ಹೋದ ವಾರ ಒಂದು ಮಧ್ಯಾಹ್ನ, ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದನ್ನೇ ಕಾಯುತ್ತಿದ್ದ ನನಗೆ ಫೋನಿನಲ್ಲಿ ಬಂದ ಸುದ್ದಿ ಇದು. ಮಾತಾಡುತ್ತಿದ್ದವಳು ವಿಜಯನಗರದ ಒಂದು ಆಸ್ಪತ್ರೆಯ ಫ್ರಂಟ್ ಡೆಸ್ಕ್ ಹುಡುಗಿ. ಪೇಷೆಂಟ್ ಅಂದರೆ ನನ್ನ ಗಂಡನ ತಾಯಿ ಪುಟ್ಟಮ್ಮನವರು. ವಯಸ್ಸು ಎಪ್ಪತ್ತಾರು.

“ಏನಾಗಿದ್ದಾರೆ?”

“ಎಲೋಪ್, ಮೇಡಂ.”

“ಅಲ್ಲಮ್ಮಾ, ಅವರಿಗೆ ಎಪ್ಪತ್ತಾರು ವರ್ಷ!”

“ಅದಕ್ಕೆ ಏಜ್ ಏನಿಲ್ಲ ಮೇಡಂ, ಯಾರು ಬೇಕಾದ್ರೂ ಆಗ್ಬಹುದು. ಬೆಡ್‌ನಲ್ಲಿಲ್ಲ, ಬಾತ್‌ರೂಮಲ್ಲೂ ಇಲ್ಲ. ನೀವು ಸ್ವಲ್ಪ ಬೇಗ ಬನ್ನಿ.”

ನಾನು ಸ್ಟೌ ಆರಿಸಿ, ಚಪ್ಪಲಿ ಹುಡುಕುತ್ತಲೇ ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ಅವರ ಆಫೀಸಿರುವುದು ರಾಜರಾಜೇಶ್ವರಿನಗರದಲ್ಲಿ.

“ರೀ, ನಿಮ್ಮಮ್ಮ ಎಲೋಪ್ ಆಗಿದ್ದಾರಂತೆ.”

“ಯಾರ ಜೊತೆ?”

(ಇಷ್ಟು ವರ್ಷದ ಸಂಸಾರದಲ್ಲಿ ಅವರು ಇಷ್ಟು ಚುರುಕಾಗಿ ಕೇಳಿದ ಪ್ರಶ್ನೆ ನನಗೆ ಇನ್ನೊಂದು ನೆನಪಿಲ್ಲ.)

ಅತ್ತೆ ಆಸ್ಪತ್ರೆ ಸೇರಿದ್ದು ಸೋಡಿಯಂ ಕಡಿಮೆಯಾಗಿ. ನಮ್ಮ ಏರಿಯಾದಲ್ಲಿ ಅರವತ್ತು ದಾಟಿದ ಯಾರನ್ನು ಕೇಳಿದರೂ ಒಂದು ಸೋಡಿಯಂ ಕಥೆ ಇರುತ್ತದೆ. ಬಿ.ಪಿ. ಇದೆ ಅಂತ ಅವರಿಗೆ ಉಪ್ಪು ಬಿಡಿಸಿದವರು ನಾವೇ. ಉಪ್ಪಿನಂಶ ಇಳಿದು ತಲೆ ಸುತ್ತಿ ಬಿದ್ದಾಗ ಎತ್ತಿಕೊಂಡು ಓಡಿದವರೂ ನಾವೇ. ಬಿದ್ದ ದಿನ ಅತ್ತೆ ನನ್ನನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆದಿದ್ದರು. ಡ್ರಿಪ್ ಏರಿಸಿದ ಮೇಲೆ ದಿನದಿಂದ ದಿನಕ್ಕೆ ಸರಿಹೋದರು. ಆಸ್ಪತ್ರೆಯ ಊಟದ ಸಾರಿನಲ್ಲಿ ಕೊಂಕು ತೆಗೆಯುವಷ್ಟು ಸರಿಹೋದರು.

ಹಿಂದಿನ ದಿನ ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರು, “ಅಮ್ಮ ಫೈನ್, ಡಿಸ್ಚಾರ್ಜ್ ಮಾಡ್ಬಹುದು” ಅಂದಿದ್ದರು. ಅತ್ತೆ ಆಗಲೇ ತಲೆ ಬಾಚಿಕೊಂಡು ಕೂತರು. ಆದರೆ ಡಾಕ್ಟರು ಫೈನ್ ಅಂದರೆ ಆಯಿತೇ? ಫಾರ್ಮಸಿ ಫೈನ್ ಅನ್ನಬೇಕು. ಬಿಲ್ಲಿಂಗ್ ಅನ್ನಬೇಕು. ಇನ್ಶೂರೆನ್ಸಿನವರು, ಅವರು ಎಲ್ಲಿರುತ್ತಾರೋ ಆ ದೇವರೇ ಬಲ್ಲ, ಅವರೂ ಅನ್ನಬೇಕು. ಸಂಜೆಯಾಯಿತು. ಬಾಚಿದ ತಲೆ ಹಾಗೇ ಇಟ್ಟುಕೊಂಡು ಅತ್ತೆ ಮಲಗಿದರು. ಮರುದಿನ ಬೆಳಗ್ಗೆ ಅದೇ ಡಾಕ್ಟರು, ಅದೇ ಫೈನ್. ಅತ್ತೆ ಮತ್ತೆ ತಲೆ ಬಾಚಿಕೊಂಡರು. ಊಟಕ್ಕೇನಾದರೂ ಮಾಡಿ ತರೋಣ ಅಂತ ನಾನು ಮನೆಗೆ ಬಂದಿದ್ದು ಆಗಲೇ.

ಆಟೋ ಹತ್ತಿದೆ. ಸಿಗ್ನಲ್ಲಿನಲ್ಲಿ ನಿಂತಿತು. ಗಾಬರಿಯಾದಾಗ ಒಂದು ಪದ ಹಿಡಿದುಕೊಂಡು ಅದರ ಬೆನ್ನು ಹತ್ತುವುದು ನನಗಿರುವ ಹಳೇ ಕಾಯಿಲೆ. (ಕೆಲವರು ಉಗುರು ಕಚ್ಚುತ್ತಾರೆ.) ಮೊಬೈಲಿನಲ್ಲಿ ‘ಎಲೋಪ್’ ಹುಡುಕಿದೆ.

ನಮಗೆಲ್ಲ ಗೊತ್ತಿರುವ ಅರ್ಥ ಒಂದೇ ಅಲ್ಲವೇ? ಹುಡುಗ, ಹುಡುಗಿ, ಬಸ್‌ಸ್ಟ್ಯಾಂಡು, ಯಾವುದೋ ದೇವಸ್ಥಾನ, ಎರಡು ಹಾರ. ಊರವರ ಬಾಯಲ್ಲಿ ‘ಓಡಿಹೋದ್ರು’. ಸ್ವಲ್ಪ ಇಂಗ್ಲಿಷ್ ಬರುವವರ ಬಾಯಲ್ಲಿ ‘ಎಲೋಪ್ ಆದ್ರು’. ಓಡಿಹೋದರೆ ಮಾನ ಹೋಗುತ್ತದೆ, ಎಲೋಪ್ ಆದರೆ ಅರ್ಧ ಮಾನ ಉಳಿಯುತ್ತದೆ.

ಆದರೆ ಈ ಪದ ಹುಟ್ಟಿದಾಗ ಅದರಲ್ಲಿ ಪ್ರೇಮಿಗಳೇ ಇರಲಿಲ್ಲವಂತೆ. ಮೂಲದಲ್ಲಿ ಅದರ ಅರ್ಥ ಓಟವೋ ನೆಗೆತವೋ, ಪಂಡಿತರಲ್ಲೇ ಒಮ್ಮತವಿಲ್ಲ. ಹಳೇ ಇಂಗ್ಲೆಂಡಿನ ಕೋರ್ಟುಗಳಲ್ಲಿ ಎಲೋಪ್ ಆಗುತ್ತಿದ್ದವಳು ಮದುವೆಯಾದ ಹೆಂಗಸು. ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋದವಳು. ಹಾಗೆ ಹೋದವಳಿಗೆ ಗಂಡ ಸತ್ತ ಮೇಲೆ ಅವನ ಜಮೀನಿನಲ್ಲಿ ಪಾಲಿಲ್ಲ. ಅದಕ್ಕೇ ಕಾನೂನಿಗೆ ಇದೊಂದು ಪದ ಬೇಕಾಗಿತ್ತು. ಹೆಂಡತಿಯನ್ನು ಬಿಟ್ಟು ಗಂಡ ಹೋದರೆ? ಅದನ್ನು ಬಹುಶಃ ‘ಕೆಲಸದ ಮೇಲೆ ಹೋಗಿದ್ದಾರೆ’ ಅನ್ನುತ್ತಿದ್ದರು.

ಆಮೇಲೆ ಪದ ಹೆಂಡತಿಯ ತಲೆಯಿಂದ ಮಗಳ ತಲೆಗೆ ಇಳಿಯಿತು. ಅಪ್ಪನ ಮನೆಯಿಂದ ಪ್ರಿಯಕರನ ಜೊತೆ ಹೋದವಳೂ ಎಲೋಪ್ ಆದಳು. ಈಗಂತೂ ಇದು ಪ್ಯಾಕೇಜು. ನಮ್ಮ ಪರಿಚಯದ ಒಬ್ಬ ಹುಡುಗಿ ಮೊನ್ನೆ ಬಂದು, “ಆಂಟಿ, ನಾವು ಎಲೋಪ್‌ಮೆಂಟ್ ಥೀಮ್ ಇಟ್ಕೊಂಡಿದೀವಿ, ಫ್ಯಾಮಿಲಿ ಸಮೇತ ಬರ್ಬೇಕು” ಅಂತ ಕರೆದು ಹೋದಳು. ಜೊತೆಯಲ್ಲಿ ಅವರಮ್ಮ. ಕೈಯಲ್ಲಿ ಕುಂಕುಮದ ಭರಣಿ. ಓಡಿಹೋಗುವುದನ್ನು ಚಿತ್ರೀಕರಿಸಲು ಡ್ರೋನ್ ಕೂಡ ಬುಕ್ ಆಗಿದೆಯಂತೆ.

ಆಸ್ಪತ್ರೆಯವರ ಅರ್ಥ ಕೊನೆಯಲ್ಲಿತ್ತು. ಹೇಳದೆ ಕೇಳದೆ ಹೊರಗೆ ಹೋದ ರೋಗಿ. ಅಷ್ಟೇ. ಪ್ರೇಮವೂ ಬೇಡ, ಪ್ರಿಯಕರನೂ ಬೇಡ.

ಅಲ್ಲಿಗೆ ತಲುಪಿದಾಗ ಯಜಮಾನರು ಇನ್ನೂ ಬಂದಿರಲಿಲ್ಲ. ಮ್ಯಾನೇಜರ್ ನನ್ನನ್ನು ರೂಮಿಗೆ ಕರೆದುಕೊಂಡು ಹೋದರು. ಎರಡು ಬೆಡ್ಡಿನ ರೂಮು. ಅತ್ತೆಯ ಮಂಚದ ಮೇಲೆ ಆಸ್ಪತ್ರೆಯ ಹಸಿರು ಗೌನು, ಅಂಗಡಿಯವರು ಮಡಿಸಿಟ್ಟ ಹಾಗೆ ನೀಟಾಗಿ ಕೂತಿತ್ತು. ಬ್ಯಾಗಿನಲ್ಲಿದ್ದ ಸೀರೆ ಇರಲಿಲ್ಲ.

‘ಎಸ್ಕೇಪ್’ ಎಂಬ ಪದದ ಕಥೆ ನೆನಪಾಯಿತು. ಹಳೇ ಲ್ಯಾಟಿನ್‌ನಲ್ಲಿ ಅದರ ಅರ್ಥ ‘ನಿಲುವಂಗಿಯಿಂದ ಹೊರಗೆ’. ಹಿಡಿಯಲು ಬಂದವನ ಕೈಯಲ್ಲಿ ಬರೀ ಅಂಗಿ ಉಳಿಯುತ್ತದೆ, ಆಳು ಮಾಯ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ. ಅವರ ಎಡಗೈಯಲ್ಲಿ ಡ್ರಿಪ್ಪಿನ ಸೂಜಿ ಹಾಗೇ ಇದೆ. ರಸ್ತೆಯಲ್ಲಿ ಮತ್ತೆ ತಲೆ ಸುತ್ತಿದರೆ? ಮನೆ ಎಲ್ಲಿ ಅಂತ ಯಾರಾದರೂ ಕೇಳಿದಾಗ ಐವತ್ತು ವರ್ಷದ ಹಿಂದಿನ ವಿಳಾಸ ಹೇಳಿದರೆ?

ಪಕ್ಕದ ಮಂಚ ನೋಡಿದೆ. ಅದರ ಮೇಲೂ ಒಂದು ಗೌನು. ಅದು ಮುದ್ದೆಯಾಗಿ ಬಿದ್ದಿತ್ತು.

“ಇವರೂ ಇಲ್ವಾ?”

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. “ಎರಡು ಎಲೋಪ್‌ಮೆಂಟ್ ಮೇಡಂ, ಒಂದೇ ಟೈಮಿಗೆ.”

ಪಕ್ಕದ ಮಂಚದವರು ನೀಲವ್ವ. ಬಾಗಲಕೋಟೆ ಕಡೆಯವರು, ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವರು, ಜ್ವರ ಬಂದು ಸೇರಿದ್ದವರು. ಗೋವಿಂದರಾಜನಗರದಲ್ಲಿ ಮಗನ ಜೊತೆ ಬಾಡಿಗೆ ಮನೆಯಲ್ಲಿದ್ದಾರೆ. ಮೊದಲ ದಿನ ಅವರ ಭಾಷೆ ಅತ್ತೆಗೆ ಅರ್ಧವೂ ಅರ್ಥವಾಗಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಸೊಸೆಯಂದಿರ ವಿಷಯ ಮಾತಾಡತೊಡಗಿದರು. ಭಾಷೆ ತಾನಾಗಿ ಬಂತು.

ಗೇಟಿನ ಸೆಕ್ಯೂರಿಟಿಯವರನ್ನು ಕೇಳಿದೆ.

“ಇಬ್ರು ಅಜ್ಜೀರು ಹೋದ್ರು ಮೇಡಂ, ಕೈ ಕೈ ಹಿಡ್ಕೊಂಡು. ವಿಸಿಟರ್ಸ್ ಅನ್ಕೊಂಡೆ. ಒಳಗ್ ಬರೋರ ಹತ್ರ ಪಾಸ್ ಕೇಳು ಅಂದಿದಾರೆ. ಹೊರಗ್ ಹೋಗೋರನ್ನ ಕೇಳು ಅಂತ ಯಾರೂ ಹೇಳಿಲ್ಲ.”

ಅಷ್ಟರಲ್ಲಿ ಯಜಮಾನರು ಬಂದರು. ಹಿಂದೆಯೇ ನೀಲವ್ವನ ಮಗ ಬಸವರಾಜ. ಡೆಲಿವರಿ ಕೆಲಸ ಮಾಡುವ ಹುಡುಗ, ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು. ನೇರ ನನ್ನ ಹತ್ತಿರ ಬಂದ.

“ಅಕ್ಕಾರ, ಅವ್ವಗ ಎಲೋಪ್ ಆಗೇತಿ ಅಂತ ಫೋನ್ ಬಂತ್ರಿ. ದೊಡ್ಡ ಜಡ್ಡೇನ್ರಿ? ಐಸಿಯುನಾಗ ಹಾಕ್ಯಾರೇನು?”

ಅವನ ಕಣ್ಣಲ್ಲಿ ನೀರಿತ್ತು. ಜಡ್ಡಲ್ಲ ಕಣಪ್ಪ, ಎದ್ದು ಎಲ್ಲೋ ಹೋಗಿದ್ದಾರೆ ಅಷ್ಟೇ ಅಂದೆ. ಅವನು ಹೆಲ್ಮೆಟ್ ತೆಗೆದು ಗೋಡೆಗೆ ಒರಗಿ ನಿಂತ. ಉಸಿರು ಬಿಟ್ಟ.

“ಹಂಗಾರ ನಡ್ಕೊಂಡ್ ಹೋಗುವಷ್ಟು ಅರಾಮ್ ಆಗ್ಯಾಳ್ರೀ!”

ನಮ್ಮಲ್ಲಿ ಯಾರಿಗೂ ಹೊಳೆಯದ ಮಾತು. ನಾವೆಲ್ಲ ಅವರು ಕಾಣೆಯಾದದ್ದನ್ನೇ ನೋಡುತ್ತಿದ್ದೆವು. ಅವನೊಬ್ಬನಿಗೆ ಅವರು ನಡೆದದ್ದು ಕಂಡಿತ್ತು.

ಮ್ಯಾನೇಜರ್ ಆಸ್ಪತ್ರೆಯ ಜವಾಬ್ದಾರಿ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಯಜಮಾನರಿಗೆ ವಿವರಿಸುತ್ತಿದ್ದರು. (ಗೇಟಿನ ಹತ್ತಿರ ಎಲ್ಲೋ ಮುಗಿಯುತ್ತದೆ ಅಂತ ನನಗೆ ಅರ್ಥವಾಯಿತು.) ಬಸವರಾಜ ಮಧ್ಯದಲ್ಲೇ ಕೇಳಿದ.

“ಇಲ್ಲಿ ಹತ್ರ ರೊಟ್ಟಿ ಖಾನಾವಳಿ ಐತೇನ್ರಿ? ಅವ್ವ ಬಂದಾಗಿಂದ ಒಂದ ಹಟ ಹಿಡದಿದ್ಲು, ಒಂದ್ ತುತ್ತು ರೊಟ್ಟಿ ಬಾಯಿಗ್ ಬಿದ್ರ ಜೀವ ಬರತೈತಿ ಅಂತಿದ್ಲು.”

ವಿಜಯನಗರದಲ್ಲಿ ಖಾನಾವಳಿಗೆ ಬರವೇ? ಮೊದಲು ಹೊಕ್ಕಿದ್ದರಲ್ಲಿ ಅವರಿರಲಿಲ್ಲ. ಆ ಐದು ನಿಮಿಷ ನನ್ನ ಯಜಮಾನರು ರಸ್ತೆ ದಾಟುವ ಪ್ರತಿ ಮುದುಕಿಯ ಮುಖ ನೋಡುತ್ತಾ ಹೆಜ್ಜೆ ಹಾಕಿದರು. ಪಕ್ಕದ ರಸ್ತೆಯ ಎರಡನೇ ಖಾನಾವಳಿಯ ಒಳಗೆ, ಫ್ಯಾನಿನ ಕೆಳಗೆ, ಇಬ್ಬರೂ ಎದುರುಬದುರು ಕೂತಿದ್ದರು. ಸ್ಟೀಲ್ ತಟ್ಟೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅತ್ತೆ ಸೂಜಿಯಿದ್ದ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಲಗೈಯಲ್ಲಿ ರೊಟ್ಟಿಯ ಜೊತೆ ಹೋರಾಡುತ್ತಿದ್ದರು.

“ಬಾರೇ, ಇದನ್ನ ನುಂಗೋಕಾಗಲ್ಲ ಕಣೇ,” ಅಂದರು ನನ್ನನ್ನು ನೋಡಿ, ಏನೂ ಆಗಿಲ್ಲವೆಂಬಂತೆ. “ಮುದ್ದೆ ಥರ ಅಲ್ಲ. ಅಗೀಬೇಕಂತೆ.”

“ಕುಂದರ್ರಿ, ನೀವೂ ಒಂದ್ ತಿನ್ರಿ,” ಅಂದರು ನೀಲವ್ವ. ಬಸವರಾಜ ಅವ್ವನ ಪಕ್ಕ ಕೂತ. ಬಯ್ಯಲಿಲ್ಲ. ಅವರ ತಟ್ಟೆಯಿಂದಲೇ ಒಂದು ತುಂಡು ಮುರಿದುಕೊಂಡ.

ನಮ್ಮ ಯಜಮಾನರಿಗೆ ಅಷ್ಟು ಹೊತ್ತಿನ ಭಯವೆಲ್ಲ ಈಗ ಸಿಟ್ಟಾಗಿ ಬಂತು.

“ಅಮ್ಮಾ, ಹೇಳ್ದೆ ಕೇಳ್ದೆ ಹೀಗೆ ಬಂದ್ಬಿಡೋದಾ? ದಾರಿ ತಪ್ಪಿದ್ರೆ?”

“ಈ ರಸ್ತೆ ಆಗೋಕ್ ಮುಂಚೆ ನಾನಿಲ್ಲಿ ಎಮ್ಮೆ ಮೇಯಿಸಿದೀನಿ. ನಂಗ್ ದಾರಿ ಹೇಳ್ಕೊಡ್ತಾನೆ.”

“ಒಂದ್ ಮಾತು ಹೇಳ್ಬಾರ್ದಾ?”

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು.

“ಹೇಳ್ದೆ ಕಣೋ. ನರ್ಸಮ್ಮಂಗೆ ಹೇಳ್ದೆ, ಹೋಗ್ಬರ್ತೀವಮ್ಮಾ ಅಂತ. ಓಕೆ ಅಜ್ಜಿ ಅಂದ್ಳು, ತಲೆ ಎತ್ಲಿಲ್ಲ. ಬೆಳಗ್ಗೆ ಇವಳ ಫೋನಲ್ಲಿ ನಿಂಗೂ ಹೇಳ್ದೆ, ನಾನಿನ್ನು ಹೊರಡ್ತೀನಿ ಅಂತ. ಹ್ಞೂಂ ಹ್ಞೂಂ ಮೀಟಿಂಗಲ್ಲಿದೀನಿ ಅಂದೆ. ಆ ಡಾಕ್ಟ್ರು ನನ್ ಮುಂದೇನೇ ನಿಂತ್ಕೊಂಡು ಇವಳನ್ನ ಕೇಳ್ತಾರೆ, ಅಮ್ಮ ಊಟ ಮಾಡಿದ್ರಾ, ಅಮ್ಮಂಗೆ ನಿದ್ದೆ ಬಂತಾ ಅಂತ. ನಿದ್ದೆ ಮಾಡಿದ್ದು ನಾನು! ಇನ್ ಯಾರ್ಗೆ ಹೇಳ್ಬೇಕಿತ್ತು?”

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ನಾನೂ ಕೂತೆ. ಖಾನಾವಳಿಯವರು ಕೇಳದೆಯೇ ಇನ್ನೆರಡು ತಟ್ಟೆ ತಂದಿಟ್ಟರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಸ್ಪತ್ರೆಗೆ ವಾಪಸ್ಸು ಹೋದರೆ ಬಿಲ್ಲಿಂಗ್ ಕೌಂಟರಿನಲ್ಲಿ ಹೊಸ ತಕರಾರು. “ಎಲೋಪ್ ಅಂತ ಎಂಟ್ರಿ ಆಗಿದೆ ಸಾರ್. ಎಲೋಪ್ ಆದೋರನ್ನ ಡಿಸ್ಚಾರ್ಜ್ ಮಾಡೋಕೆ ಸಿಸ್ಟಂ ತಗೊಳಲ್ಲ. ಪೇಷೆಂಟ್ ಮೊದ್ಲು ಬೆಡ್‌ಗೆ ಬರ್ಬೇಕು.” ಅಂದರೆ ಮನೆಗೆ ಹೋಗಬೇಕಾದರೆ ಮೊದಲು ಮತ್ತೆ ರೋಗಿಯಾಗಬೇಕು! ಇಬ್ಬರೂ ಸೀರೆ ಬಿಚ್ಚಿಟ್ಟು ಹಸಿರು ಗೌನು ತೊಟ್ಟು ಮಲಗಿದರು. ನೀಲವ್ವನಿಗಂತೂ ನಗು ತಡೆಯಲಾಗಲಿಲ್ಲ. ಮತ್ತೊಮ್ಮೆ ರಕ್ತ ತೆಗೆದರು. ನೀಲವ್ವನ ಜ್ವರ ಪೂರ್ತಿ ಬಿಟ್ಟಿತ್ತು, ಅತ್ತೆಯ ಸೋಡಿಯಂ ಇನ್ನೂ ಮೇಲೇರಿತ್ತು. ಅದು ಖಾನಾವಳಿಯ ಚಟ್ನಿಯ ಪುಣ್ಯ ಅಂತ ನಾನು ಹೇಳುವುದಿಲ್ಲ. ಡ್ರಿಪ್ಪಿನ ಪುಣ್ಯ ಅಂತ ಡಾಕ್ಟರು ಹೇಳಿದರು. ನನಗೆ ಹೇಳಿದರು, ಅತ್ತೆಗಲ್ಲ.

“ಅವರಿಗೇ ಹೇಳಿ ಡಾಕ್ಟ್ರೇ, ಕೇಳಿಸತ್ತೆ,” ಅಂದೆ. ಅವರು ಸ್ವಲ್ಪ ಗಲಿಬಿಲಿಯಾಗಿ ಮಂಚದ ಕಡೆ ತಿರುಗಿದರು. ಅತ್ತೆ ಗಂಭೀರವಾಗಿ ಎಲ್ಲ ಕೇಳಿಸಿಕೊಂಡು, ನಾಲ್ಕು ಪ್ರಶ್ನೆ ಕೇಳಿದರು. ಅದರಲ್ಲಿ ಮೂರು ಒಳ್ಳೆಯ ಪ್ರಶ್ನೆ. ಸಂಜೆ ಹೊತ್ತಿಗೆ ಇಬ್ಬರೂ ಕಾಯ್ದೆಬದ್ಧವಾಗಿ ಮನೆ ಸೇರಿದರು.

ಹೆಂಡತಿ ಗಂಡನನ್ನು ಬಿಟ್ಟರೆ ಎಲೋಪ್, ಮಗಳು ಅಪ್ಪನನ್ನು ಬಿಟ್ಟರೆ ಎಲೋಪ್, ಅಜ್ಜಿ ಹಾಸಿಗೆ ಬಿಟ್ಟರೂ ಎಲೋಪ್. ಶತಮಾನಗಳಿಂದ ಈ ಪದ ಅರ್ಥ ಬದಲಾಯಿಸುತ್ತಲೇ ಬಂದಿದೆ ಅನ್ನುತ್ತಾರೆ. ನನಗೇನೋ ಅದು ಬದಲಾದಂತೆ ಕಾಣುವುದಿಲ್ಲ. ಹೊರಟವಳು ಯಾಕೆ ಹೊರಟಳು ಅನ್ನುವುದು ಅದಕ್ಕೆ ಅವತ್ತೂ ಬೇಕಿರಲಿಲ್ಲ, ಇವತ್ತೂ ಬೇಡ. ಅವಳು ಯಾರ ಲೆಕ್ಕದಿಂದ ತಪ್ಪಿಹೋದಳು, ಅಷ್ಟು ಸಾಕು.

ನಿನ್ನೆ ನಮ್ಮ ಯಜಮಾನರು ಅತ್ತೆಗೊಂದು ವಾಚು ತರಿಸಿದರು. ಮಾಮೂಲಿ ವಾಚಲ್ಲ. ಹಾಕಿಕೊಂಡವರು ಎಲ್ಲಿದ್ದಾರೆ ಅಂತ ಮಗನ ಮೊಬೈಲಿನಲ್ಲಿ ನೀಲಿ ಚುಕ್ಕೆಯಾಗಿ ತೋರಿಸುವ ವಾಚು. ಬ್ಯಾಟರಿ, ಬಟನ್ನು, ಅಲಾರಂ ಎಲ್ಲವನ್ನೂ ಸಡಗರದಿಂದ ವಿವರಿಸಿದರು. ಅತ್ತೆ ಅದನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡು, ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ನಾನೆಲ್ಲಿದೀನಿ ಅಂತ ಇದು ಹೇಳತ್ತೆ, ಸರಿ,” ಅಂದರು. “ನಾನ್ ಹೇಳೋದನ್ನ ಕೇಳಿಸ್ಕೊಳ್ಳೋ ವಾಚು ಯಾವ್ದಾದ್ರೂ ಬಂದಿದ್ಯೇನೋ?”