ಸಾಹೇಬರ ಕಾರಿನ ಸತ್ತ ಪೆಟ್ಟಿಗೆ

ಕ್ಷಮಿಸಿಬಿಡು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ಅವರ ಅಪ್ಪನ ಊಟದ ಡಬ್ಬಿಯನ್ನು ಯಾರೂ ಹತ್ತು ಜನರೆದುರು ತೆರೆಸಿ ನೋಡಿರುವುದಿಲ್ಲ. ನನ್ನ ಅಪ್ಪನದನ್ನು ನೋಡಿದ್ದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಿಸೆಂಬರ್ ತಿಂಗಳು, ಅಂಧೇರಿಯ ಒಂದು ದೊಡ್ಡ ಬಿಲ್ಡಿಂಗಿನ ಕಾಂಪೌಂಡು. ಡಬ್ಬಿಯಲ್ಲಿದ್ದದ್ದು ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಕಟ್ಟಿಕೊಟ್ಟವಳು ನಾನೇ.

ಅಪ್ಪ ಧಾರವಾಡದ ಕಡೆಯವನು. ಹದಿನಾಲ್ಕು ವರ್ಷ ಒಬ್ಬರೇ ಸಾಹೇಬರ ಹತ್ತಿರ ಡ್ರೈವರಾಗಿದ್ದ. ಸಾಹೇಬರು ಬೆಂಗಳೂರಿನವರು, ದೊಡ್ಡ ಕಂಪನಿಯಲ್ಲಿ ಅಧಿಕಾರಿ. ನಾವು ಜೋಗೇಶ್ವರಿಯಲ್ಲಿ ಒಂದೇ ಕೋಣೆಯ ಮನೆಗಳ ಒಂದು ಚಾಳಿನಲ್ಲಿದ್ದೆವು. ಅವ್ವ ಎಂದೋ ತೀರಿಕೊಂಡಿದ್ದಳು, ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ನಾನು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಭೂತಗನ್ನಡಿಯ ಕೆಳಗೆ ತಲೆ ಬಗ್ಗಿಸಿ ಕೂರುವ ಕೆಲಸ. ವಾಪಸು ಬಂದ ಬೋರ್ಡನ್ನು ನೋಡಿ ಅದಕ್ಕೇನು ರೋಗ ಬಂದಿದೆ ಎಂದು ಹೇಳುವುದೂ ನನ್ನ ಹೊಟ್ಟೆಪಾಡೇ ಆಗಿತ್ತು.

ಸಾಹೇಬರು ಊರು ಬಿಟ್ಟು ಹೋಗುತ್ತಿದ್ದ ಯಾರೋ ವಿದೇಶಿಯವನಿಂದ ಒಂದು ಹಳೇ ಫಾರಿನ್ ಕಾರು ಕೊಂಡಿದ್ದರು. ಆಗ ನಮ್ಮ ರಸ್ತೆಯ ಕಾರುಗಳಿಗೆಲ್ಲ ಪೆಟ್ರೋಲು-ಗಾಳಿ ಬೆರೆಸುವ ಕಾರ್ಬುರೇಟರ್. ಈ ಕಾರಿಗೆ ಮಾತ್ರ ಪೆಟ್ರೋಲು ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಂದು ಎಂಜಿನ್ನಿಗೆ ಹೇಳುವ ಒಂದು ಕಂಪ್ಯೂಟರು. ಕಂಪ್ಯೂಟರು ಎಂದರೆ ಟೀವಿಯಂಥದ್ದೇನೋ ಎಂದುಕೊಳ್ಳಬೇಡಿ. ದಪ್ಪ ಪುಸ್ತಕದಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಮಳೆನೀರು ಹರಿದುಹೋಗುವ ಒಂದು ಕಾಲುವೆ ಇತ್ತು. ಅದರ ಪಕ್ಕದಲ್ಲೇ ಆ ಪೆಟ್ಟಿಗೆ ಕೂತಿತ್ತು. ಆ ಕಾಲುವೆಯ ತೂತಿಗೆ ಕಸ ಕಟ್ಟದಂತೆ ಅಪ್ಪ ದಿನಾ ಬೆರಳು ಹಾಕಿ ತೆಗೆಯುತ್ತಿದ್ದ. ಎಷ್ಟೋ ಮಳೆಗಾಲ ಕಳೆದರೂ ಕಾರಿಗೆ ಏನೂ ಆಗಿರಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಕಾರು ಕೆಮ್ಮಲು ಶುರುಮಾಡಿತು. ಸಿಗ್ನಲ್ಲಿನಲ್ಲಿ ನಿಂತರೆ ನಿಂತೇಬಿಡುವುದು, ಸಾಹೇಬರು ಹಿಂದಿನ ಸೀಟಿನಿಂದ ಅಪ್ಪನಿಗೆ ಬೈಯುವುದು. ಡಿಸೆಂಬರಿನಲ್ಲಿ ಪೂರ್ತಿ ಸತ್ತುಹೋಯಿತು. ಗ್ಯಾರೇಜಿನ ಮಿಸ್ತ್ರಿ ಮೂರು ವಾರ ಅದನ್ನು ಬಿಚ್ಚಿ, ಇದನ್ನು ಬಿಚ್ಚಿ, ಕೈಸೋತು, ಕೊನೆಗೆ ಕುರ್ಲಾದ ಹಳೇ ಸಾಮಾನಿನ ಬಜಾರಿನಿಂದ ಅದೇ ನಂಬರಿನ ಇನ್ನೊಂದು ಪೆಟ್ಟಿಗೆ ಹುಡುಕಿ ತಂದ. ಬ್ಯಾಟರಿ ತಂತಿ ತೆಗೆದ, ನಾಲ್ಕು ಸ್ಕ್ರೂ ಬಿಚ್ಚಿದ, ಉದ್ದನೆಯ ಪ್ಲಗ್ಗು ಹಳೆಯದರಿಂದ ಕಿತ್ತು ಹೊಸದಕ್ಕೆ ಒತ್ತಿದ. ಒಂದೇ ಕೀಲಿಗೆ ಎಂಜಿನ್ನು ಶುರುವಾಯಿತು. ಇಷ್ಟು ಸಣ್ಣ ಕೆಲಸಕ್ಕೆ ಮೂರು ವಾರ ಯಾಕಾಯಿತು ಎಂದು ಸಾಹೇಬರು ಕೇಳಿದ್ದಕ್ಕೆ ಆ ಭಾಡ್ಯಾ ತನ್ನ ಮಾನ ಉಳಿಸಿಕೊಳ್ಳಲು ಅಂದನಂತೆ: "ಸಾಬ್, ಯೇ ಡಬ್ಬಾ ಇಸ್ ಗಾಡಿ ಕಾ ಹೈ ಹೀ ನಹೀಂ. ಕಿಸೀನೇ ಬದಲ್ ದಿಯಾ." ಅಂದರೆ, ಕಾರಿನ ಒಳ್ಳೆಯ ಪೆಟ್ಟಿಗೆಯನ್ನು ಯಾರೋ ತೆಗೆದು ಈ ಕೆಟ್ಟದ್ದನ್ನು ಇಟ್ಟಿದ್ದಾರೆ ಎಂದು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಸಾಹೇಬರದು. ನವೆಂಬರಿನಲ್ಲಿ ಅವರು ಹತ್ತು ದಿನ ಬೆಂಗಳೂರಿಗೆ ಹೋಗಿದ್ದರು, ಕೀಲಿ ಅಪ್ಪನ ಹತ್ತಿರವಿತ್ತು. ಅಷ್ಟೇ ಸಾಕಾಯಿತು. ಕಾಂಪೌಂಡಿನಲ್ಲಿ ಎಲ್ಲ ಡ್ರೈವರುಗಳೆದುರು ಅಪ್ಪನಿಗೆ ಕಳ್ಳ ಅಂದರು. ಅವರಿಗೆಲ್ಲ ತಿಳಿಯಲಿ ಎಂದು ಚೋರ್ ಎಂದೂ ಅಂದರು. ಇನ್ನೇನು ಸಾಗಿಸುತ್ತಿದ್ದಾನೋ ನೋಡೋಣ ಎಂದು ಚೀಲ ಕೆಳಗಿಡಿಸಿ, ಡಬ್ಬಿ ತೆರೆಸಿದರು. ಕೊನೆಗೆ ಸತ್ತ ಪೆಟ್ಟಿಗೆಯನ್ನು ಆ ಚೀಲಕ್ಕೆ ತಾವೇ ಎಸೆದರು. "ಒಳ್ಳೇದನ್ನ ಮಾರ್ಕೊಂಡ್ಯಲ್ಲ, ತಗೋ, ಇದನ್ನೂ ಮಾರ್ಕೊ."

ಅಪ್ಪ ಮನೆಗೆ ಬಂದು ಚೀಲವನ್ನು ಮೂಲೆಯಲ್ಲಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ನಾಲ್ಕು ದಿನ ಏಳಲಿಲ್ಲ. ಬಾಯಿ ಬಿಡಿಸಿದ್ದು ನಾನು. ಕೇಳಿದ ಮೇಲೆ ನನ್ನ ಮೈಯೆಲ್ಲ ಉರಿಯಿತು. ಸಾಹೇಬರ ಬಾಯಿಗೆ ಹುಳ ಬೀಳಲಿ ಎಂದು ಶಾಪ ಹಾಕಿದೆ. ನಲವತ್ತು ಬಾಗಿಲಿನ ಚಾಳಿನಲ್ಲಿ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಕಳ್ಳ ಎನಿಸಿಕೊಂಡ ಡ್ರೈವರಿಗೆ ಇನ್ನೊಬ್ಬ ಸಾಹೇಬ ಯಾಕೆ ಕೀಲಿ ಕೊಟ್ಟಾನು? ಅಪ್ಪನಿಗಿದ್ದದ್ದು ಹೆಸರೊಂದೇ, ಅದೇ ಹೋಗಿತ್ತು.

ಐದನೆಯ ದಿನ ಪೆಟ್ಟಿಗೆಯನ್ನು ಚೀಲದಿಂದ ತೆಗೆದು ಮುಚ್ಚಳ ಬಿಚ್ಚಿದೆ. ಹುಳಿ ವಾಸನೆ ಬಂತು. ತಾಮ್ರದ ಗೆರೆಗಳು ಹಸಿರುಗಟ್ಟಿ ತಿಂದುಹೋಗಿದ್ದವು. ಅಲ್ಲಲ್ಲಿ ಕೆಂಪು ಕಲೆ. ಯಾವುದೋ ಅಂಟಿಗೆ ಮೆತ್ತಿಕೊಂಡು ನೂರಾರು ಇರುವೆಗಳು ಸತ್ತುಬಿದ್ದಿದ್ದವು. ಕಾರಿನ ಕಂಪ್ಯೂಟರಿಗೆ ಇರುವೆ ಯಾಕೆ ಬರಬೇಕು, ನೀವೇ ಹೇಳಿ! ವೈರು ಒಳಹೋಗುವ ಬಾಯಿಯ ರಬ್ಬರು ಬಿರುಕುಬಿಟ್ಟಿತ್ತು. ಅದರ ಹಿಂದೆಯೇ, ಎರಡು ಪಿನ್ನುಗಳ ನಡುವೆ ಸಿಕ್ಕಿಕೊಂಡು, ಕುಂಕುಮ ಹಚ್ಚಿದ ಮೂರು ಅಕ್ಕಿ ಕಾಳು.

"ಅಪ್ಪಾ, ಇದೇನು?" ಎಂದೆ. ಅಪ್ಪ ಎದ್ದು ಕೂತು ನೋಡಿದ. ಆಮೇಲೆ ಹೇಳಿದ. ಆಯುಧಪೂಜೆಯ ದಿನ ಸಾಹೇಬರು ಕಾರಿನ ಪೂಜೆಯನ್ನು ತಾವೇ ಮಾಡಿದ್ದರು. ತೆಂಗಿನಕಾಯಿಯನ್ನು ಎಲ್ಲರೂ ಗಾಲಿಯ ಮುಂದೆ ಒಡೆದರೆ ಇವರು ಬಾನೆಟ್ಟಿನ ಮೇಲೆ ಕೈಯಲ್ಲೇ ಹಿಡಿದು ಕತ್ತಿಯಿಂದ ಒಡೆದು, ನೀರನ್ನು ಗಾಜಿನ ಬುಡಕ್ಕೆ ಅಭಿಷೇಕ ಮಾಡಿ, ಹಿಡಿಗಟ್ಟಲೆ ಚೆಂಡುಹೂವು, ಅಕ್ಷತೆ ಸುರಿದಿದ್ದರು. "ಸಾಹೇಬ್ರ, ಅಲ್ಲಿ ಬ್ಯಾಡ್ರಿ, ಒಳಗ ಇಳೀತದ" ಎಂದದ್ದಕ್ಕೆ, "ಸುಮ್ನಿರಯ್ಯ, ಹಬ್ಬದ ದಿನ ಬೇಡ ಅನ್ನೋ ಮಾತಾಡ್ತಾರಾ?" ಎಂದು ಗದರಿದ್ದರು. ಕಾಲುವೆಯ ತೂತು ಕಟ್ಟಿತ್ತು. ತೆಗೆಯಲು ಹೋದರೆ, "ಪೂಜೆ ಹೂವಿಗೆ ಕೈ ಹಾಕ್ಬೇಡ, ತಾನಾಗೇ ಒಣಗಿ ಉದುರ್ಬೇಕು" ಎಂದಿದ್ದರು. ಮರುದಿನವೇ ದಸರೆ ಮಳೆ ಬಂದು ಎರಡು ದಿನ ಹಿಡಿದುಕೊಂಡಿತ್ತು. ಹರಿಯಲು ದಾರಿಯಿಲ್ಲದ ನೀರು ಆ ರಬ್ಬರಿನ ಬಿರುಕಿನಿಂದ ಪೆಟ್ಟಿಗೆಯೊಳಗೆ ಇಳಿದಿತ್ತು.

ಅಂದರೆ ಪೆಟ್ಟಿಗೆಯನ್ನು ಯಾರೂ ಬದಲಿಸಿರಲಿಲ್ಲ. ಅಕ್ಟೋಬರಿನ ಅಕ್ಷತೆ ಅದರ ಹೊಟ್ಟೆಯಲ್ಲೇ ಇತ್ತು. ಕೊಂದವರು ಸಾಹೇಬರೇ.

"ಬಿಡವಾ, ದೇವರಿದ್ದಾನ" ಎಂದ ಅಪ್ಪ. "ದೇವರಿಗೆ ಬ್ಯಾರೇ ಕೆಲಸ ಅದಾವ, ಇದನ್ನ ನಾ ನೋಡಿಕೋತೀನಿ" ಎಂದೆ.

ಅವಸರ ಮಾಡಲಿಲ್ಲ. ಅಪ್ಪನಿಗೆ ಆದದ್ದು ಹತ್ತು ಜನರೆದುರು, ಇದೂ ಹತ್ತು ಜನರೆದುರೇ ಆಗಬೇಕಿತ್ತು. ಭಾನುವಾರ ಬೆಳಿಗ್ಗೆ ಡ್ರೈವರುಗಳೆಲ್ಲ ಕಾರು ತೊಳೆಯುವ ಹೊತ್ತಿಗೆ ಸಾಹೇಬರು ತಾಯಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದರು. ನನಗೆ ಗೊತ್ತಿತ್ತು. ಅಪ್ಪ ಬರಲೊಲ್ಲೆ ಎಂದ. ನಾನು ಪೆಟ್ಟಿಗೆಯನ್ನೂ ಒಂದು ಸ್ಕ್ರೂಡ್ರೈವರನ್ನೂ ತೆಗೆದುಕೊಂಡು ಹೋದೆ.

ಅವರು ಇಳಿದು ಬರುತ್ತಿದ್ದಂತೆ ಪೆಟ್ಟಿಗೆಯನ್ನು ಬಾನೆಟ್ಟಿನ ಮೇಲೆ ಇಟ್ಟೆ. "ಇನ್ನೇನು ಸಾಗಿಸ್ಯಾನ ಅಂತ ನಮ್ಮಪ್ಪನ ಡಬ್ಬಿ ತೆರಿಸಿದ್ರಲ್ಲ, ಇದನ್ನ ತೆರೆದು ನೋಡಿದ್ರೇನು?" ಎಂದೆ. ವಾಚಮನ್ನು ಬಂದ, ಡ್ರೈವರುಗಳು ಬಕೆಟ್ಟು ಬಿಟ್ಟು ಬಂದರು. ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳುತ್ತ ಒಂದೊಂದೇ ಸ್ಕ್ರೂ ಬಿಚ್ಚಿದೆ. ಬೇಕೆಂದೇ ನಿಧಾನ ಮಾಡಿದೆ, ಸುಳ್ಳು ಯಾಕೆ ಹೇಳಲಿ? ಮುಚ್ಚಳ ತೆಗೆದಾಗ ಸಾಹೇಬರು, "ಇದೆಲ್ಲ ನೀನೇ ತುಂಬ್ಕೊಂಡು ಬಂದಿದ್ರೆ ಯಾರಿಗ್ಗೊತ್ತು?" ಎಂದರು.

ಅಷ್ಟರಲ್ಲಿ ಅವರ ತಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಂಗಾರದಂಥ ಮುದುಕಿ. ಅಪ್ಪನಿಗೆ ದಿನಾ ಸ್ಟೀಲಿನ ಲೋಟದಲ್ಲಿ ಫಿಲ್ಟರ್ ಕಾಫಿ ಕಳಿಸುತ್ತಿದ್ದವರು. "ಅಯ್ಯೋ, ಇದು ನಮ್ಮನೆ ಅಕ್ಷತೆ ಕಣೋ!" ಎಂದರು ನಗುತ್ತ. "ಆಯುಧಪೂಜೆಗೆ ನಾನೇ ಕಲಸಿದ್ದು. ನಮ್ಮಲ್ಲಿ ಸಣ್ಣಕ್ಕಿ, ತುಪ್ಪ ಸವರಿ ಕುಂಕುಮ. ಇಲ್ಲಿ ಇನ್ಯಾರು ಹೀಗೆ ಮಾಡ್ತಾರೆ? ಇದರೊಳಗೆ ಹೇಗೆ ಹೋಯ್ತೋ?"

ಅದನ್ನೂ ನಾನು ಹಿಂದಿಯಲ್ಲಿ ಎಲ್ಲರಿಗೂ ಹೇಳಿದೆ. ಆ ಪೂಜೆಯ ಕಾಯಿಚೂರನ್ನು ಅಲ್ಲಿದ್ದ ಎಲ್ಲರೂ ತಿಂದಿದ್ದರು. ಸಾಹೇಬರ ಮುಖ ಬಿಳಿಚಿಕೊಂಡಿತು. ಸಣ್ಣ ದನಿಯಲ್ಲಿ "ಐ ಯಾಮ್ ಸಾರಿ" ಎಂದರು.

"ಇಂಗ್ಲಿಷಿನ್ಯಾಗ ಬ್ಯಾಡ್ರಿ" ಎಂದೆ. "ಕಳ್ಳ ಅಂದದ್ದು ಕನ್ನಡದಾಗ, ಚೋರ್ ಅಂದದ್ದು ಹಿಂದಿಯೊಳಗ. ಆ ಎರಡರಾಗೂ ಹೇಳ್ರಿ. ದನಿ ಏರಿಸಿ ಹೇಳ್ರಿ."

ಹೇಳಿದರು. ಎರಡರಲ್ಲೂ. ವಾಚಮನ್ನು ಟೋಪಿ ತೆಗೆದು ತಲೆ ಕೆರೆದುಕೊಳ್ಳುವ ನೆಪದಲ್ಲಿ ನಕ್ಕ. ನಾಳೆಯಿಂದ ಅಪ್ಪನನ್ನು ಕಳಿಸು ಎಂದರು ಸಾಹೇಬರು. ನಿಮ್ಮ ಕಾರು ನೀವೇ ತಳ್ಳಿಕೊಳ್ಳಿ ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಗೇಟು ದಾಟುವಾಗ ಹಿಂದೆ ಅವರ ತಾಯಿ ಕೇಳುತ್ತಿದ್ದರು: "ನಮ್ಮ ಪೂಜೆಯಿಂದ ಅವನು ಕಳ್ಳ ಅನ್ನಿಸ್ಕೊಂಡ್ನಾ? ನಾನು ಕಲಸಿದ್ದರಿಂದಾನಾ?"

ಮನೆಗೆ ಬಂದು ಕುಣಿಯುತ್ತ ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಅವರವ್ವನ ಮುಂದ ತೆರೆದಿಯೇನು?" ಹೌದು ಎಂದೆ. "ಕಾರು ಕೆಮ್ಮಾಕ ಹತ್ತಿದಾಗಿಂದ ನನಗ ಗೊತ್ತಿತ್ತು. ಕಳ್ಳ ಅಂದಾಗ ಬಾಯಿತನಕ ಬಂದಿತ್ತು. ಆಕಿ ಮ್ಯಾಲೆ ಬಾಲ್ಕನಿಯೊಳಗ ನಿಂತಿದ್ಳು. ಆಕಿ ಅಣಿ ಮಾಡಿದ ಪೂಜಾದಿಂದ ಕೆಟ್ಟಿತು ಅಂತ ಹೆಂಗ ಹೇಳಲಿ?"

ಅಪ್ಪ ಆಮೇಲೆ ಶಾಲೆಯೊಂದರ ಬಸ್ಸಿಗೆ ಡ್ರೈವರಾಗಿ ಸೇರಿದ. ಆ ಕೆಲಸಕ್ಕೆ ಅವನ ಹೆಸರು ಹೇಳಿದವರು ಅದೇ ಕಾಂಪೌಂಡಿನ ಡ್ರೈವರುಗಳು. ಅಪ್ಪನ ದೊಡ್ಡತನ ಅಪ್ಪನಿಗಿರಲಿ, ನನಗೆ ಅದು ಆಗಲೂ ಬೇಕಿರಲಿಲ್ಲ, ಈಗಲೂ ಬೇಡ. ಸಾಹೇಬರು ಎರಡು ಭಾಷೆಯಲ್ಲಿ ತಪ್ಪಾಯ್ತು ಎಂದದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಅದರ ಬೆನ್ನಿಗೇ ಆ ಮುದುಕಿಯ ಪ್ರಶ್ನೆ ಬರುತ್ತದೆ. ಅವರಿಗೆ ನಾನು ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ.