ಒಂದು ಕವಳದ ದೂರದ ದ್ವೀಪ

ದ್ವೀಪ ದೂರವಾಯಿತು, ಅದಕ್ಕೇ ಅಕ್ಕನ ಸಂಬಂಧ ತಪ್ಪಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಗ್ಗ ಬಿಚ್ಚಿಕೊಂಡು ದೂರ ಹೋಗಲು ದ್ವೀಪವೇನು ಸೊರಬದ ಸಂತೆಗೆ ಬಂದ ಹೋರಿಯೇ? ಅದು ಇದ್ದಲ್ಲೇ ಇತ್ತು.

ಸಂಬಂಧ ತಂದವರು ಶಿಕಾರಿಪುರದ ಸೋದರಮಾವ. ಹುಡುಗ ಅಂಡಮಾನಿನಾಚೆಯ ಒಂದು ಪುಟ್ಟ ದ್ವೀಪದ ವಿಮಾನ ನಿಲ್ದಾಣದಲ್ಲಿ ಗುಮಾಸ್ತ. ದೊಡ್ಡಾಸ್ಪತ್ರೆ ಇದ್ದದ್ದು ಮಾತ್ರ ಇನ್ನೊಂದು ದ್ವೀಪದಲ್ಲಿ. ನಾಳೆ ಮಗಳಿಗೆ ಹೆರಿಗೆ ಗಿರಿಗೆ ಎಂದರೆ ಏನು ಗತಿ? ಅಪ್ಪಯ್ಯನ ಚಿಂತೆ ಅದೊಂದೇ.

“ಅದೇನ್ ದೂರ ಭಾವಾ! ವಿಮಾನ ಹತ್ತಿ ಬಾಯಿಗೊಂದು ಕವಳ ಹಾಕ್ಕೊಂಡ್ರ, ಎಲೆ-ಅಡಿಕೆ ನುರಿಯೋದ್ರಾಗ ಆಸ್ಪತ್ರಿ ದ್ವೀಪ ಬಂತು,” ಎಂದರು ಮಾವ. ನಮ್ಮಲ್ಲಿ ದೂರ ಅಳೆಯುವುದೇ ಹಾಗೆ. ಸೈಕಲ್ಲಿನಲ್ಲಿ ಕುಪ್ಪಗಡ್ಡೆಗೆ ಎರಡು ಕವಳ, ಆನವಟ್ಟಿಗೆ ನಾಲ್ಕು. ಸಮುದ್ರಕ್ಕೂ ಅದೇ ಮಾಪನವೆಂದು ಅಂದು ತಿಳಿಯಿತು.

“ಉಗಿಯೋದೆಲ್ಲಿ ಮಾವ?” ಎಂದೆ.

“ಇದು ನಿನ್ನ ಚರ್ಚಾಸ್ಪರ್ಧೆ ಅಲ್ಲವ್ವಾ. ಸುಮ್ನ ಕುಂದ್ರು.”

ಕಾಲೇಜಿಗೆ ಮೂರು ಕಪ್ಪು ಗೆದ್ದು ತಂದವಳು ಸುಮ್ಮನೆ ಕೂರುವುದುಂಟೇ? ಅಟ್ಲಾಸು ತಂದೆ. ಎರಡು ದ್ವೀಪಗಳ ನಡುವೆ ದಾರವಿಟ್ಟು ಅಳೆದೆ. ವಿಮಾನದ ವೇಗವನ್ನು ಗಣಿತದ ಪುಸ್ತಕದಿಂದ ಎರವಲು ಪಡೆದೆ. ಮಾವನ ಕವಳ ತುಸು ದೊಡ್ಡದೆಂದು ಒಪ್ಪಿಕೊಂಡರೆ ಲೆಕ್ಕ ಅವರ ಕಡೆಗೇ ಬಂತು: ಸುಮಾರು ಒಂದು ಗಂಟೆ. ಎದುರಾಳಿಯ ಮಾತು ಸರಿಯಿದ್ದಾಗ ಪ್ರಶ್ನೆಯನ್ನೇ ಬದಲಿಸಬೇಕು. ವೇದಿಕೆಯ ಮೇಲೆ ನಾನು ಕಲಿತ ಮೊದಲ ಪಾಠವದು.

“ಮಾವ, ಶಿಕಾರಿಪುರದಿಂದ ಇಲ್ಲಿಗೆ ಬಸ್ಸಲ್ಲಿ ಎಷ್ಟು ಹೊತ್ತು?”

“ಒಂದೂವರೆ ತಾಸು.”

“ತಿಂಡಿಗೆ ಬರ್ತೀನಿ ಅಂದೋರು ಊಟದ ಎಲೆ ಎತ್ತೋ ಹೊತ್ತಿಗೆ ಬಂದ್ರಲ್ಲ?”

“ಬಸ್ಸ ಬರಲಿಲ್ಲ, ನಾ ಏನ್ ಮಾಡ್ಲಿ?”

“ಹಂಗಾದ್ರೆ ಆ ವಿಮಾನ ಯಾವಾಗ ಬರುತ್ತೆ?”

ಮಾವ ಅಡಕತ್ತರಿಯನ್ನು ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಅಪ್ಪಯ್ಯ ಹುಡುಗನಿಗೇ ಕಾಗದ ಬರೆಸಿದರು. ತಿಂಗಳ ಮೇಲೆ ಉತ್ತರ ಬಂತು. ಜಗಲಿಯಲ್ಲಿ ನಿಂತು ನಾನೇ ಓದಿದೆ. ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. ‘ಹಾರಾಟ ಒಂದು ಗಂಟೆ. ವಾರಕ್ಕೊಂದೇ ವಿಮಾನ, ಮೋಡವಿದ್ದರೆ ಅದೂ ಇಲ್ಲ. ಮಳೆಗಾಲದಲ್ಲಿ ಹಡಗಿಗಾಗಿ ಎರಡು ವಾರ ಕಾದದ್ದೂ ಉಂಟು.’ ಎರಡು ವಾರ ಎಂಬಲ್ಲಿ ದನಿಯನ್ನು ಎಷ್ಟು ಏರಿಸಬೇಕೋ ಅಷ್ಟು ಏರಿಸಿದೆ.

“ಬ್ಯಾಡ ಬಿಡು,” ಎಂದರು ಅಪ್ಪಯ್ಯ. ನಾಲ್ಕನೆಯ ಕಪ್ಪು ಗೆದ್ದಂತಾಯಿತು.

ಕಾಗದದಲ್ಲಿ ಇನ್ನೊಂದು ಸಾಲಿತ್ತು: ‘ಹುಡುಗಿಗೆ ಸಮುದ್ರದ ನಡುವೆ ಇರಲು ಇಷ್ಟವಿದೆಯೇ? ದಯವಿಟ್ಟು ಅವರನ್ನೇ ಕೇಳಿ ತಿಳಿಸಿ.’ ಚರ್ಚೆಯ ವಿಷಯಕ್ಕೆ ಸಂಬಂಧಪಟ್ಟದ್ದಲ್ಲವೆಂದು ಅದನ್ನು ಬಿಟ್ಟು ಓದಿದ್ದೆ. ಅಕ್ಕ ಅಲ್ಲೇ ಬಾಗಿಲ ಬಳಿ, ನಾನು ದ್ವೀಪ ಅಳೆದಿದ್ದ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಈಗ ಅವಳು ಆನವಟ್ಟಿಯ ಸೊಸೆ. ನಾಲ್ಕೇ ಕವಳ. ಮೊನ್ನೆ ಬಂದಾಗ ಅಟ್ಲಾಸಿನೊಳಗಿದ್ದ ಆ ಕಾಗದವನ್ನು ತೆಗೆದು ಕೊಟ್ಟೆ. ಕೊನೆಯ ಸಾಲಿನವರೆಗೂ ಓದಿ, ಇದ್ದ ಮಡಿಕೆಯಲ್ಲೇ ಮಡಿಚಿದಳು.

“ಅಕ್ಕಾ, ಅವತ್ತು ನಾನು ಆ ಸಾಲನ್ನೂ ಓದಿದ್ರೆ, ನೀನು ಏನ್ ಹೇಳ್ತಿದ್ದೆ?”