ಫೋನಿನಲ್ಲಿ ಬಳೆ ಸದ್ದು

ತಂತಿಯ ಎರಡು ತುದಿಗಳನ್ನು ನಾಲಿಗೆಗೆ ಮುಟ್ಟಿಸಿ, ಹುಣಸೆಕಾಯಿ ಕಚ್ಚಿದವರಂತೆ ಮುಖ ಕಿವುಚುತ್ತಿದ್ದರು ನಮ್ಮ ಟೆಲಿಫೋನ್ ಲೈನ್‌ಮನ್. ಚುರುಕ್ ಎಂದರೆ ತಂತಿಯಲ್ಲಿ ಜೀವವಿದೆ ಎಂದರ್ಥ. ಪರೀಕ್ಷೆ ಮಾಡುವ ಫೋನೊಂದು ಚೀಲದಲ್ಲಿದ್ದರೂ ಅವರು ಮೊದಲು ನಂಬುತ್ತಿದ್ದುದು ನಾಲಿಗೆಯನ್ನೇ. ಆ ಫೋನೂ ಕೆಟ್ಟಿರಬಹುದಲ್ಲ ಎಂಬ ಗುಮಾನಿ ಅವರದು.

ತೊಂಬತ್ತರ ದಶಕದಲ್ಲಿ ಗಂಜಾಂನಿಂದ ಸೈಕಲ್ ತುಳಿದುಕೊಂಡು ಪಾಲಹಳ್ಳಿಯ ನಮ್ಮ ಮನೆಗೆ ಬರುತ್ತಿದ್ದರು. ಲೈನ್‌ಮನ್ನೇ ತಂತಿ ಸಡಿಲ ಮಾಡಿ ಹೋಗುತ್ತಾನೆ, ಮತ್ತೆ ಕರೆಸಿಕೊಂಡು ಊಟ ಹೊಡೆಯುವುದಕ್ಕೆ ಎಂದು ಜನ ಆಡಿಕೊಳ್ಳುತ್ತಿದ್ದರು. ನಾನೂ ನಂಬಿದ್ದೆ. ಅನುಮಾನ ಪಡುವುದರಲ್ಲಿ ನಮ್ಮ ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ನಾನೇ. ಅವರು ಕಂಬ ಹತ್ತಿದರೆ ಕೆಳಗೆ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ. "ಸರ್ಯಾಗಿ ನೋಡ್ಕ ಕಣವ್ವಾ, ಆಮ್ಯಾಕೆ ನಾನೇ ಕಿತ್ತೆ ಅನ್ಬ್ಯಾಡ," ಎನ್ನುತ್ತಿದ್ದರು.

ಅವರೂ ಯಾರ ಮಾತನ್ನೂ ನಂಬುವವರಲ್ಲ. "ಯಾರೂ ಮುಟ್ಟಿಲ್ಲ ಅಂದ್ರೆ ನಾನು ಮೊದ್ಲು ಆ ಮನೆ ಒಳ್ಗೇ ಹುಡುಕ್ತೀನಿ," ಎನ್ನುವುದು ಅವರ ಮಾತು.

ಚಿಕ್ಕಪ್ಪ ಪಾಲು ತೆಗೆದುಕೊಂಡಾಗ ನಮ್ಮ ಮನೆಯ ನಡುವೆ ಗೋಡೆ ಎದ್ದಿತು. ಗದ್ದೆ, ಹಸು ಎಲ್ಲ ಹಂಚಿಹೋದವು, ಫೋನನ್ನು ಮಾತ್ರ ಹಂಚಲು ಬರಲಿಲ್ಲ. ಗೋಡೆಯಾಚೆಗೂ ಒಂದು ತಂತಿ ಎಳೆದು ಅದೇ ನಂಬರಿಗೆ ಇನ್ನೊಂದು ಫೋನು ಇಟ್ಟರು. ಅಲ್ಲಿ ಎತ್ತಿದರೆ ಇಲ್ಲಿನ ಮಾತೆಲ್ಲ ಕೇಳುತ್ತಿತ್ತು.

ಆ ವರ್ಷ ಕೆ.ಆರ್. ಪೇಟೆಯಿಂದ ನನ್ನನ್ನು ನೋಡಲು ಬಂದವರು ಫೋನು ಮಾಡುತ್ತೇವೆಂದು ಹೇಳಿ ಹೋಗಿದ್ದರು. ಫೋನು ಒಂದೇ ಸಲ ಗಂಟೆ ಹೊಡೆದು ನಿಲ್ಲುತ್ತಿತ್ತು, ಎತ್ತಿದರೆ ಏನೇನೋ ಸದ್ದಾಗಿ ಕಡಿದುಹೋಗುತ್ತಿತ್ತು. ನಮಗೇ ಇಷ್ಟವಿಲ್ಲವೆಂದುಕೊಂಡು ಅವರು ಬೇರೆ ಕಡೆ ಹೆಣ್ಣು ಗೊತ್ತುಮಾಡಿಕೊಂಡರು. "ಆ ಕಡೆಯಿಂದ ಎತ್ತಿ ಎತ್ತಿ ಮಡುಗ್ತಾವ್ರೆ," ಎಂದು ಅಪ್ಪ ಕುದಿದ. ಆಗ ನಾನು ಆಡಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. "ಚಿಕ್ಕಮ್ಮನೇ ಕಣಪ್ಪ. ಬಳೆ ಸದ್ದು ಕೇಳುಸ್ತು," ಎಂದೆ. ನನ್ನನ್ನು ಎತ್ತಿ ಆಡಿಸಿದವಳು ಚಿಕ್ಕಮ್ಮ. ಯಾವಾಗಲೂ ಕೈತುಂಬ ಹಸಿರು ಗಾಜಿನ ಬಳೆ ತೊಡುತ್ತಿದ್ದಳು. ಅಂದಿನಿಂದ ಎರಡು ಮನೆಯ ನಡುವೆ ಮಾತು ನಿಂತಿತು.

ಅಪ್ಪ ಲೈನ್‌ಮನ್ನನ್ನು ಕರೆಸಿದ. "ಆ ಮನೆ ತಂತಿ ಕಿತ್ತಾಕ್ಬುಡಪ್ಪ. ಇನ್ನು ಅವ್ರ ಸಾವಿಗೂ ನಾವು ಹೋಗಾಕಿಲ್ಲ," ಎಂದ.

ಲೈನ್‌ಮನ್ ನನ್ನ ಕಡೆ ತಿರುಗಿದರು. "ಬಳೆ ಸದ್ದು ಯಾವತ್ತು ಕೇಳುಸ್ತದವ್ವಾ?"

"ಶುಕ್ರವಾರವೇ ಜಾಸ್ತಿ," ಎಂದೆ. ಶುಕ್ರವಾರ ಚಿಕ್ಕಮ್ಮ ಗದ್ದೆಗೆ ಹೋಗುವುದಿಲ್ಲ ಎಂಬುದನ್ನೂ ಸೇರಿಸಿದೆ, ದೊಡ್ಡ ಪತ್ತೇದಾರಳಂತೆ. "ಅಂಗಾರೆ ಶುಕ್ರವಾರವೇ ಬತ್ತೀನಿ," ಎಂದು ಅವರು ಸೈಕಲ್ ಹತ್ತಿದರು.

ಹೇಳಿದ ದಿನವೇ ಬಂದು, ಗೋಡೆಯಾಚೆಗೆ ಹೋಗುವ ತಂತಿಯನ್ನು ನಮ್ಮ ಕಣ್ಣೆದುರೇ ಬಿಚ್ಚಿ ಅದರ ತುದಿಯನ್ನು ಅಪ್ಪನ ಕೈಗೆ ಕೊಟ್ಟರು. "ಇಡ್ಕಳಿ ಗೌಡ್ರೆ. ಈಗ ಆ ಮನೆಗೆ ಏನೂ ಓಗಾಕಿಲ್ಲ," ಎಂದು, ನಮ್ಮ ಫೋನನ್ನೆತ್ತಿ ನನ್ನ ಕಿವಿಗಿಟ್ಟರು.

ಕಿಣಿ ಕಿಣಿ ಎಂದು ಅದೇ ಬಳೆ ಸದ್ದು.

ಅವರಿಗೆ ಅರ್ಥವಾಗಿತ್ತು. "ಏನು ಕೇಳುಸ್ತದೆ ಅಂತ ನಿಮ್ಮಪ್ಪಾರ್ಗೆ ನೀನೇ ಹೇಳವ್ವಾ," ಎಂದರು. ಸುಳ್ಳು ಹೇಳಿಬಿಡಬಹುದಿತ್ತು, ಫೋನಿದ್ದದ್ದು ನನ್ನ ಕಿವಿಯಲ್ಲಿ. ಅವರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅವರ ಕೈಯನ್ನು ನೋಡುತ್ತಿದ್ದೆನಲ್ಲ, ಹಾಗೆ. "ಬಳೆ ಸದ್ದು ಈಗ್ಲೂ ಕೇಳುಸ್ತದೆ ಕಣಪ್ಪ," ಎಂದೆ. ಅಪ್ಪ ಕೈಯಲ್ಲಿದ್ದ ತಂತಿಯನ್ನು ನೋಡುತ್ತ ನಿಂತುಬಿಟ್ಟ.

ಆಮೇಲೆ ಅವರು ನಮ್ಮ ಫೋನಿನ ಮೇಲೆ ಗೋಡೆಗೆ ಬಡಿದಿದ್ದ ಪುಟ್ಟ ಪೆಟ್ಟಿಗೆಯನ್ನು ಬಿಚ್ಚಿದರು. ತಂತಿ ಸಿಕ್ಕಿಸುವ ತಿರುಪುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿಕೊಂಡು, ಬಾಗಿಲ ಬಳಿ ನಿಂತಿದ್ದ ಅಮ್ಮನನ್ನು ನೋಡಿದರು. ವರ್ಷಗಟ್ಟಲೆ ಕಾದು ಬಂದ ಫೋನೆಂದು ಅಮ್ಮ ಪ್ರತಿ ಶುಕ್ರವಾರ ಪೂಜೆಯ ಹೊತ್ತಿನಲ್ಲಿ ಆ ಪೆಟ್ಟಿಗೆಗೂ ಅರಿಶಿನದ ನೀರು ಚಿಮುಕಿಸಿ, ಕುಂಕುಮವಿಟ್ಟು, ಹೂವು ಮುಡಿಸುತ್ತಿದ್ದಳು. ಲೈನ್‌ಮನ್ ಅಪ್ಪನಿಗೆ, "ತೇವ ಸೇರ್ಕಂಡದೆ, ಸದ್ದು ಅದ್ರುದ್ದೇ," ಎಂದಷ್ಟೇ ಹೇಳಿದರು. ಅಮ್ಮನ ಬಳಿ ಮೆತ್ತಗೆ, "ಊವ ಮಡುಗಿ ಸಾಕು ಅಮ್ಮಾರೆ, ನೀರು ಬ್ಯಾಡಿ," ಎಂದದ್ದು ನನಗೂ ಕೇಳಿಸಿತು.

ತಿರುಪುಗಳನ್ನು ಉಜ್ಜಿ, ಬಿಚ್ಚಿದ ತಂತಿಯನ್ನು ಮತ್ತೆ ಕಟ್ಟಿ, ಜಗುಲಿಯಲ್ಲಿ ಕುಳಿತುಬಿಟ್ಟರು. "ಆ ಮನೇಲಿ ಫೋನು ಬಂದದಾ ಅಂತ ಒಸಿ ನೋಡ್ಕಂಡು ಬನ್ನಿ ಗೌಡ್ರೆ. ಸೈಕಲ್ ತುಳ್ದು ನಂಗೆ ಕಾಲು ನೋಯ್ತಾವೆ." ಆ ಕಾಲುನೋವಿನ ಮೇಲೆ ನನಗೆ ಈಗಲೂ ಅನುಮಾನವಿದೆ.

ಅಪ್ಪ ಚಪ್ಪಲಿ ಮೆಟ್ಟಿದ. ನಾನೂ ಹಿಂದೆಯೇ ಹೋದೆ. ಚಿಕ್ಕಮ್ಮನ ಎದುರು ನಿಂತು ನಾನು ಹೇಳಿದ ಚಾಡಿಯನ್ನು ನಾನೇ ಬಾಯಿಬಿಟ್ಟು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ನನ್ ಬಳೆ ಅಷ್ಟು ಸದ್ದು ಮಾಡ್ತಾವಾ ಮಗಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅನುಮಾನ ನನ್ನನ್ನು ಬಿಟ್ಟುಹೋಗಿಲ್ಲ. ಈಗ ಅದನ್ನು ನಮ್ಮ ಮನೆಯ ಒಳಗಿನಿಂದ ಶುರುಮಾಡುತ್ತೇನೆ, ಅದು ಆ ಲೈನ್‌ಮನ್ನರಿಂದ ಬಂದದ್ದು. ನಾನು ಮದುವೆಯಾಗಿ ನಾಗಮಂಗಲ ಸೇರಿ ಬಹಳ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಚಿಕ್ಕಮ್ಮ ಫೋನು ಮಾಡಿದಳು. "ಲೈನ್‌ಮನ್ನು ಓಗ್ಬುಟ್ರಂತೆ ಕಣ್ ಮಗಾ," ಎಂದಳು. ಆ ಕಡೆ ಕಣ್ಣೊರೆಸಿಕೊಂಡಿರಬೇಕು, ಬಳೆ ಸದ್ದು ಕೇಳಿಸಿತು. ಈ ಸಲ ಅದು ಅವಳ ಬಳೆಯೇ.